ತಣ್ಣೀರುಬಾವಿಯ ಜಗಲಿ

ಮಂಗಳೂರಿಗೆ ಬರುವ ನಂಟರಿಷ್ಟರು ಕೈಕಾಲು ತೊಳೆದು ಕುಳಿತುಕೊಳ್ಳುವುದರೊಳಗಾಗಿ ಕೇಳುವ ಮಾತು ಒಂದುಂಟು: "ಸಮುದ್ರಕ್ಕೆ ಯಾವ ದಾರಿ?" ನಾವಾದರೂ ಹೆಚ್ಚು ಆಲೋಚಿಸದೆ ಪಣಂಬೂರನ್ನೋ ಸೋಮೇಶ್ವರವನ್ನೋ ಹೇಳಿ ಅವರನ್ನು ಕಳುಹಿಸಿಕೊಡುತ್ತೇವೆ. ಅವರೂ ಹೋಗಿ, ಜನಜಂಗುಳಿಯ ನಡುವೆ ಕಾಲು ತೋಯಿಸಿಕೊಂಡು, ಚುರುಮುರಿ ತಿಂದು, ಸಂತೋಷದಿಂದಲೇ ಹಿಂದಿರುಗುತ್ತಾರೆ. ಆದರೆ ಹೊಸ ಬಂದರಿನ ತೆಂಕಣ ಮಗ್ಗುಲಲ್ಲಿ, ಹೊಳೆಗೂ ಕಡಲಿಗೂ ನಡುವೆ ಚಾಚಿಕೊಂಡಿರುವ ಮರಳಿನ ನಾಲಗೆಯ ಮೇಲೆ, ತಣ್ಣೀರುಬಾವಿ ಎಂಬ ಹೆಸರಿನ ಒಂದು ಸ್ಥಳವಿದೆಯೆಂದೂ, ಅಲ್ಲಿ ಅರಣ್ಯ ಇಲಾಖೆಯವರು ಬೆಳೆಸಿದ ಒಂದು ವೃಕ್ಷೋದ್ಯಾನವಿದೆಯೆಂದೂ ಅವರಿಗೆ ಹೇಳುವವರು ಕಡಮೆ. ಹುಟ್ಟಿದಂದಿನಿಂದ ಈ ಊರಿನಲ್ಲೇ ಇರುವ ಎಷ್ಟೋ ಮಂದಿಗೆ ಅದರ ಹೆಸರು ಗೊತ್ತು; ನೆಲ ಗೊತ್ತಿಲ್ಲ. ಒಂದು ಕಡೆ ಕಾರ್ಖಾನೆಯ ಹೊಗೆಕೊಳವೆಗಳು, ಇನ್ನೊಂದು ಕಡೆ ಹಡಗುಗಳ ಮೇಲೆ ಬಾಗಿ ನಿಂತ ಕ್ರೇನುಗಳು. ಇವುಗಳ ನೆರೆಯಲ್ಲಿ ಕುಳಿತು ನೋಡತಕ್ಕದ್ದೇನಿದೆ ಎಂದು ಜನರು ನೆನೆಸುವುದೂ ಸಹಜವೇ.

ನಮ್ಮ ಶಾಲೆಯ ಸ್ಮರಣ ಸಂಚಿಕೆಗೆ ಹಳೆಯ ವಿದ್ಯಾರ್ಥಿನಿಯರಾದ ನಾವು ಏನಾದರೊಂದು ಬರೆದುಕೊಡಬೇಕೆಂದು ಸಂಚಿಕೆಯ ಮಂಡಳಿಯವರು ಹೇಳಿದಾಗ, ಹಳೆಯ ಬೆಂಚು, ಹಳೆಯ ಗಂಟೆ, ಹಳೆಯ ಮಾವಿನ ಮರ ಇವುಗಳನ್ನು ಕುರಿತು ಬರೆಯುವವರು ಬಹಳ ಮಂದಿ ಇದ್ದಾರಷ್ಟೆ ಎಂದು ತೋರಿತು. ಆದಕಾರಣ ಈಚೆಗೆ ನಾವು ಐವರು ಗೆಳತಿಯರು ಕೂಡಿ ನೋಡಿಬಂದ ಈ ಸ್ಥಳದ ವಿಷಯವಾಗಿ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇವೆ. ನಾವು ಐವರೂ ೧೯೬೮ರಲ್ಲಿ ಒಂದೇ ತರಗತಿಯಿಂದ ಹೊರಬಿದ್ದವರು. ಈಗ ನಮ್ಮಲ್ಲಿ ಯಾರ ಮೊಣಕಾಲೂ ಮೊದಲಿನಂತಿಲ್ಲ. ಆದರೂ ನಾಲಗೆಗಳು ಮೊದಲಿನಂತೆಯೇ ಇವೆ. ನಮ್ಮೊಡನೆ ಗೆಳತಿಯೊಬ್ಬಳ ಮೊಮ್ಮಗಳು, ಏಳನೆಯ ತರಗತಿಯ ಹುಡುಗಿ, ರಜೆಯ ದಿವಸವಾದ್ದರಿಂದ ಜೊತೆಗೆ ಬಂದಿದ್ದಳು.

ತಣ್ಣೀರುಬಾವಿಗೆ ಪಣಂಬೂರಿನ ಕಡೆಯಿಂದ ಮೋಟಾರು ದಾರಿಯಿದೆ. ನಾವು ಅದನ್ನು ಹಿಂದಿರುಗುವ ಹೊತ್ತಿಗೆಂದು ಇಟ್ಟುಕೊಂಡು, ಹೋಗುವಾಗ ಬೋಳೂರಿನ ಸುಲ್ತಾನ್ ಬತ್ತೇರಿಯಿಂದ ದೋಣಿಯಲ್ಲಿ ಹೊಳೆ ದಾಟಿದೆವು. ಈ ಬತ್ತೇರಿಯನ್ನು ಟಿಪ್ಪು ಸುಲ್ತಾನನು ೧೭೮೪ರಲ್ಲಿ ಕಪ್ಪುಕಲ್ಲಿನಿಂದ ಕಟ್ಟಿಸಿದನು. ಶತ್ರುಗಳ ಯುದ್ಧನೌಕೆಗಳು ಗುರುಪುರ ಹೊಳೆಯೊಳಗೆ ಏರಿಬಾರದಂತೆ ಕಾಯುವುದು ಅದರ ಕೆಲಸವಾಗಿತ್ತು. ತೋಪಿನ ಬಾಯಿಗಾಗಿ ಬಿಟ್ಟ ಕಂಡಿಗಳು ಈಗಲೂ ಹೊಳೆಯ ಕಡೆಗೇ ಮುಖಮಾಡಿಕೊಂಡಿವೆ. ಅವುಗಳೊಳಗಿಂದ ಇಣುಕಿದರೆ ಕಾಣುವುದು ಬಲೆ ಬೀಸುವ ದೋಣಿಯೊಂದು, ನೀರಿನ ಮೇಲೆ ಸುತ್ತುವ ಗರುಡಪಕ್ಷಿಯೊಂದು, ಅಷ್ಟೆ. ಮದ್ದಿನ ಮನೆಯ ಮೆಟ್ಟಲಿನ ಮೇಲೆ ನಿಂತು ಹುಡುಗಿಯು, "ಇಷ್ಟು ಚಿಕ್ಕ ಕೋಟೆ ಅಷ್ಟು ದೊಡ್ಡ ಹಡಗನ್ನು ಹೇಗೆ ತಡೆಯುತ್ತಿತ್ತು?" ಎಂದು ಕೇಳಿದಳು. ಆ ಕಾಲದ ಹಡಗುಗಳು ಅಷ್ಟು ದೊಡ್ಡವಾಗಿರಲಿಲ್ಲವೆಂದೂ, ಹಡಗನ್ನು ತಡೆಯುತ್ತಿದ್ದುದು ಕೋಟೆಗಿಂತ ಹೆಚ್ಚಾಗಿ ಮರಳೆಂದೂ ನಾವು ಹೇಳಬೇಕಾಯಿತು.

ಈ ಮಾತನ್ನು ಸ್ವಲ್ಪ ಬಿಡಿಸಿ ಹೇಳುವುದು ಯುಕ್ತ. ಫಲ್ಗುಣಿಯೆಂದು ಹೆಸರುಳ್ಳ ಗುರುಪುರ ಹೊಳೆಯು ಬಡಗಣಿಂದ ಕಡಲಿಗೆ ಸಮನಾಗಿ ಹರಿದುಬಂದು, ಮೂಡಣಿಂದ ಬರುವ ನೇತ್ರಾವತಿಯನ್ನು ಕೂಡಿಕೊಂಡು, ಒಂದೇ ಅಳಿವೆಬಾಗಿಲಿನಿಂದ ಸಮುದ್ರಕ್ಕೆ ಬೀಳುತ್ತದೆ. ಎರಡು ನದಿಗಳೂ ಘಟ್ಟದಿಂದ ಹೊತ್ತು ತರುವ ಮಣ್ಣು ಮರಳುಗಳನ್ನು ಕಡಲಿನ ಅಲೆಯು ಎದುರು ನಿಂತು ತಳ್ಳುವುದರಿಂದ, ಅಳಿವೆಯ ಬಾಯಿಗೆ ಮರಳಿನ ದಿಣ್ಣೆ ಕಟ್ಟಿಕೊಳ್ಳುತ್ತದೆ. ಆದುದರಿಂದ ಹಿಂದಿನ ಕಾಲದಲ್ಲಿ ದೊಡ್ಡ ಹೊಗೆಹಡಗುಗಳು ಹಳೆಯ ಬಂದರಿನೊಳಗೆ ಬರಲಾರದೆ, ದೂರದ ಕಡಲಿನಲ್ಲೇ ಲಂಗರು ಹಾಕಿ ನಿಲ್ಲುತ್ತಿದ್ದವು. ಕಾಫಿಯ ಮೂಟೆ, ಗೇರುಬೀಜದ ಪೆಟ್ಟಿಗೆ, ಹಂಚು, ಎಲ್ಲವೂ ಚಿಕ್ಕ ದೋಣಿಗಳಲ್ಲಿ ಅಲ್ಲಿಯ ತನಕ ಹೋಗಬೇಕಾಗಿತ್ತು. ಮುಂಗಾರು ಇಳಿದಮೇಲಂತೂ ಬಂದರಿಗೆ ಬೀಗವೇ. ಹಾಯಿ ಕಟ್ಟಿದ ಮಂಜಿಗಳನ್ನು ದಡಕ್ಕೆಳೆದು, ಮಡಲು ಹೊದಿಸಿ, ಜನರು ಮಳೆ ನಿಲ್ಲುವುದನ್ನು ಕಾದುಕೊಂಡಿರುತ್ತಿದ್ದರು. ಬಾಸೆಲ್ ಮಿಶನಿನವರು ೧೮೬೫ರಲ್ಲಿ ಈ ಊರಿನಲ್ಲಿ ಹಂಚಿನ ಕಾರ್ಖಾನೆಯನ್ನು ಸ್ಥಾಪಿಸಿದಂದಿನಿಂದ, ಈ ಎರಡು ಹೊಳೆಗಳ ದಂಡೆಯ ಜೇಡಿಮಣ್ಣು ಬೆಂದು ಕೆಂಪಾಗಿ ದೇಶದೇಶಗಳ ಮನೆಯ ಮಾಡಾಯಿತು. ಅದು ಕೂಡಾ ಈ ಮರಳಿನ ದಿಣ್ಣೆಯನ್ನು ತಪ್ಪಿಸಿಕೊಂಡೇ ಲೋಕವನ್ನು ನೋಡಬೇಕಾಗಿತ್ತು.

ದೋಣಿಯ ಪ್ರಯಾಣ ಕೆಲವೇ ನಿಮಿಷಗಳದು. ದೋಣಿಯವನು ನಮ್ಮ ಕೈಹಿಡಿದು ಒಬ್ಬೊಬ್ಬರನ್ನಾಗಿ ಇಳಿಸಿ, "ಮೆಲ್ಲಗೆ ಅಮ್ಮಾ, ಮರಳು ಜಾರುತ್ತದೆ" ಎಂದನು. ಅಲ್ಲಿಂದ ರಿಕ್ಷಾ ಹಿಡಿದು, ಸ್ವಲ್ಪ ದೂರ ಬಡಗು ಮುಖವಾಗಿ ಹೋಗಿ, ಉದ್ಯಾನದ ಬಾಗಿಲಲ್ಲಿ ಇಳಿದೆವು.

ಮೊದಲು ಕಿವಿಗೆ ಬಿದ್ದುದು ಗಾಳಿಮರಗಳ ಸದ್ದು. ಈ ಮರಕ್ಕೆ ನಮ್ಮ ಹಿರಿಯರು ಇಟ್ಟ ಹೆಸರಿಗಿಂತ ಒಪ್ಪುವ ಹೆಸರನ್ನು ಯಾರೂ ಇಡಲಾರರು. ಎಲೆಯೆಂಬಂಥ ಎಲೆಯಿಲ್ಲದೆ, ಸೂಜಿಯಂಥ ಕಡ್ಡಿಗಳಿಂದಲೇ ಅದು ಗಾಳಿಯನ್ನು ಸೋಸುತ್ತದೆ. ಮಳೆ ಬರುತ್ತಿದೆಯೋ ಎಂದು ತಲೆಯೆತ್ತಿ ನೋಡಿದರೆ ಆಕಾಶ ತಿಳಿಯಾಗಿರುತ್ತದೆ. ಉಪ್ಪುಗಾಳಿಯನ್ನು ತಾಳಿಕೊಂಡು, ಬಡ ಮರಳಿನಲ್ಲಿ ಬೇರೂರಿ, ಆ ಬೇರಿನ ಗಂಟುಗಳಲ್ಲಿ ಗಾಳಿಯ ಸಾರಜನಕವನ್ನೇ ಗೊಬ್ಬರವಾಗಿ ಮಾಡಿಕೊಂಡು ಬದುಕುವ ಮರವಿದು. ಇದರ ಅಡಿಯಲ್ಲಿ ಮರಳು ಹಾರದೆ ನಿಲ್ಲುತ್ತದೆ. ನಿಂತ ಮರಳಿನಲ್ಲಿ ಬೇರೆ ಗಿಡಗಳು ಮೊಳೆಯುತ್ತವೆ. ಕಡಲ ದಂಡೆಯಲ್ಲಿ ಆಡಿನ ಗೊರಸಿನಂತೆ ಸೀಳಿದ ಎಲೆಯ, ನೇರಿಳೆ ಹೂವಿನ ಬಳ್ಳಿಯೊಂದು ಮರಳಿನ ಮೇಲೆ ಹರಡಿಕೊಂಡು, ಯಾರೂ ಹೇಳದಿದ್ದರೂ ದಿಣ್ಣೆಯನ್ನು ಹೊಲಿದು ಹಿಡಿದಿರುವುದನ್ನೂ ಕಂಡೆವು. ಹೊರಗಿನ ಬಿಸಿಲಿನಿಂದ ಒಳಗೆ ಕಾಲಿಟ್ಟವರಿಗೆ ನೆರಳು ಒಂದು ಬಟ್ಟಲು ಪಾನಕದಂತಿತ್ತು.

ಊರಿನ ಹೆಸರಿನ ವಿಷಯವಾಗಿಯೂ ಒಂದು ಮಾತು. ಒಂದು ಪಕ್ಕದಲ್ಲಿ ಉಪ್ಪುಕಡಲು, ಇನ್ನೊಂದು ಪಕ್ಕದಲ್ಲಿ ಭರತ ಬಂದಾಗ ಉಪ್ಪಾಗುವ ಹೊಳೆ. ನಡುವಣ ಈ ಮರಳಿನ ಪಟ್ಟಿಯಲ್ಲಿ ತಣ್ಣೀರಿನ ಬಾವಿ ಹೇಗೆ? ಇದು ಕೇವಲ ಹೆಸರಿನ ಚೆಲುವಲ್ಲ. ಮಳೆಗಾಲದಲ್ಲಿ ಮರಳು ಕುಡಿದ ನೀರು ಕೆಳಗಿಳಿದು ಅಲ್ಲಿರುವ ಉಪ್ಪುನೀರಿನೊಡನೆ ಕೂಡಲೇ ಬೆರೆಯುವುದಿಲ್ಲ. ಸಿಹಿನೀರು ಹಗುರ, ಉಪ್ಪುನೀರು ಭಾರ. ಆದುದರಿಂದ ಹಗುರವಾದುದು ಭಾರವಾದುದರ ಮೇಲೆ ಮಸೂರಕಾಳಿನ ಆಕಾರದಲ್ಲಿ ತೇಲಿಕೊಂಡು ನಿಲ್ಲುತ್ತದೆ. ಸಮುದ್ರದ ಮಟ್ಟಕ್ಕಿಂತ ಸಿಹಿನೀರು ೧ ಅಡಿ ಮೇಲೆ ನಿಂತರೆ, ಆ ಮಟ್ಟದ ಕೆಳಗೆ ಸುಮಾರು ೪೦ ಅಡಿ ಸಿಹಿನೀರು ಇರುವುದೆಂದು ಭೂಜಲಶಾಸ್ತ್ರಜ್ಞರು ಲೆಕ್ಕ ಹೇಳುತ್ತಾರೆ. ಆದರೆ ಇದರಲ್ಲಿ ಒಂದು ಎಚ್ಚರಿಕೆಯೂ ಅಡಗಿದೆ. ಹಿತಮಿತವಾಗಿ ಸೇದುವ ತನಕ ಬಾವಿ ಸಿಹಿ. ಆಸೆಬಿದ್ದು ಹೆಚ್ಚು ಸೇದಿದರೆ ಕೆಳಗಿನ ಉಪ್ಪು ಮೇಲಕ್ಕೇರುತ್ತದೆ, ಮತ್ತು ಏರಿದ ಉಪ್ಪು ಬೇಗನೆ ಇಳಿಯುವುದಿಲ್ಲ. ಕಡಲ ಮಗ್ಗುಲಲ್ಲಿ ಬಾಳುವ ಊರಿಗೆ ಈ ಬಾವಿಗಿಂತ ಒಳ್ಳೆಯ ಉಪಾಧ್ಯಾಯಿನಿ ದೊರೆಯುವುದು ಕಷ್ಟ.

ಮರಗಳ ನಡುವಿನಿಂದ ಕಡಲ ದಂಡೆಗೆ ಬಂದು, ಬಿದ್ದ ಗಾಳಿಮರವೊಂದರ ಬೊಡ್ಡೆಯ ಮೇಲೆ ಎಲ್ಲರೂ ಕುಳಿತೆವು. ಎದುರಿಗೆ ದೂರದಲ್ಲಿ ಸರದಿಗಾಗಿ ಕಾದುನಿಂತ ಹಡಗುಗಳು. ಬಲಗಡೆಗೆ ತಿರುಗಿದರೆ ಕಲ್ಲುಗಳನ್ನು ಪೇರಿಸಿ ಕಡಲಿನೊಳಗೆ ಚಾಚಿದ ಅಲೆತಡೆಯ ಗೋಡೆ, ಅದರಾಚೆ ಕ್ರೇನುಗಳ ತಲೆಗಳು. ಕಲ್ಲಿದ್ದಲು, ಕಚ್ಚಾತೈಲ, ಅಡುಗೆಯ ಅನಿಲ, ಆಫ್ರಿಕದ ಗೇರುಬೀಜ ಇವು ಒಳಗೆ ಬರುವ ದಾರಿಯೂ, ಮಲೆನಾಡಿನ ಕಾಫಿಯು ಕಂಟೇನರ್ ಪೆಟ್ಟಿಗೆಗಳಲ್ಲಿ ಹೊರಗೆ ಹೋಗುವ ದಾರಿಯೂ ಅದೇ. ನಾವು ಮನೆಯಲ್ಲಿ ಒಲೆ ಹೊತ್ತಿಸಿದರೆ, ದೀಪ ಹಾಕಿದರೆ, ಅದರ ಹಿಂದೆ ಆ ಗೋಡೆಯ ನೆರಳಿನಲ್ಲಿ ನಿಂತ ಯಾವುದೋ ಒಂದು ಹಡಗು ಇದ್ದರೂ ಇರಬಹುದು. ಇದನ್ನು ಅರಿತವರು ಬಂದರನ್ನು ಸುಲಭವಾಗಿ ಹಳಿಯಲಾರರು.

ಆಗ ನಮ್ಮಲ್ಲಿ ಒಬ್ಬಳಿಗೆ ಭೂಗೋಳದ ಪಾಠ ನೆನಪಿಗೆ ಬಂತು. "ಬಂದರುಗಳು ಎರಡು ವಿಧ: ನೈಸರ್ಗಿಕ ಮತ್ತು ಕೃತಕ" ಎಂದು ನಮ್ಮ ಉಪಾಧ್ಯಾಯಿನಿಯವರು ಹಲಗೆಯ ಮೇಲೆ ಬರೆದು, ಮೊದಲನೆಯದಕ್ಕೆ ಮುಂಬಯಿಯನ್ನೂ ಎರಡನೆಯದಕ್ಕೆ ಮದರಾಸನ್ನೂ ಉದಾಹರಣೆಯಾಗಿ ಕೊಟ್ಟು, "ನೀವು ದೊಡ್ಡವರಾಗುವಷ್ಟರಲ್ಲಿ ನಮ್ಮ ಪಣಂಬೂರನ್ನೂ ಎರಡನೆಯ ಸಾಲಿಗೆ ಸೇರಿಸಿಕೊಳ್ಳಿರಿ" ಎಂದಿದ್ದರು. ಅವರು ಹೇಳಿದಂತೆಯೇ ಆಯಿತು. ಕೆಲಸವು ೧೯೬೨ರಲ್ಲಿ ಪ್ರಾರಂಭವಾಯಿತು. ೧೯೭೪ನೆಯ ಮೇ ೪ರಂದು ಭಾರತದ ಒಂಬತ್ತನೆಯ ಮಹಾಬಂದರೆಂದು ಘೋಷಿಸಲ್ಪಟ್ಟಿತು. ೧೯೭೫ನೆಯ ಜನವರಿ ೧೧ರಂದು ಪ್ರಧಾನಮಂತ್ರಿ ಇಂದಿರಾ ಗಾಂಧಿಯವರು ಅದನ್ನು ಉದ್ಘಾಟಿಸಿದರು. ಮುಂಬಯಿಯಂತೆ ಇಲ್ಲಿ ಕಡಲು ತಾನಾಗಿ ಒಳಸರಿದು ಕೊಲ್ಲಿಯನ್ನು ಮಾಡಿಕೊಟ್ಟಿರಲಿಲ್ಲ. ದಂಡೆಯ ನೆಲವನ್ನೇ ತೋಡಿ, ಮರಳನ್ನು ಎತ್ತಿ, ಒಳನಾಡಿನೊಳಗೆ ಒಂದು ಕೆರೆಯಂಥ ಜಾಗವನ್ನು ಮಾಡಿ, ಅದಕ್ಕೆ ಕಡಲನ್ನು ಕರೆತಂದರು. ಎರಡು ಅಲೆತಡೆಗಳು ಅದರ ಬಾಗಿಲನ್ನು ಕಾಯುತ್ತವೆ. ಮಳೆಗಾಲದಲ್ಲೂ ಮುಚ್ಚದ ಬಂದರು ನಮ್ಮ ಜಿಲ್ಲೆಗೆ ದೊರಕಿದುದು ಹೀಗೆ.

ಈ ಮಾತುಗಳು ನಡೆಯುತ್ತಿರುವಾಗ ನಮ್ಮಲ್ಲಿ ಒಬ್ಬಳು ಮಾತ್ರ ಸುಮ್ಮನಿದ್ದಳು. ಆ ಹುಡುಗಿಯ ಅಜ್ಜಿ ಅವಳೇ. ಎಂಟನೆಯ ತರಗತಿಗೆ ಸೇರಿದಾಗ ಅವಳು ಪಣಂಬೂರಿನಿಂದ ಬಸ್ಸಿನಲ್ಲಿ ಕೂಳೂರಿನ ಸೇತುವೆ ದಾಟಿ ಶಾಲೆಗೆ ಬರುತ್ತಿದ್ದುದೂ, ಅವಳ ಪುಸ್ತಕಗಳ ಸಂದಿಯಲ್ಲಿ ಯಾವಾಗಲೂ ಮರಳಿರುತ್ತಿದ್ದುದೂ ನಮಗೆ ನೆನಪಿದೆ. ಒಂಬತ್ತನೆಯ ತರಗತಿಯ ನಡುವಿನಲ್ಲಿ ಅವಳ ಮನೆಯವರು ಅಲ್ಲಿಂದ ಎದ್ದು ಕಾಟಿಪಳ್ಳದ ಕಡೆಗೆ ಹೋದರು. ಪುಸ್ತಕದ ಮರಳು ನಿಂತುಹೋಗಿ ಕೆಂಪುಮಣ್ಣು ಬಂತು. ಆಗ ನಾವು ಅದನ್ನು ಅಷ್ಟಾಗಿ ಗಮನಿಸುವ ವಯಸ್ಸಿನವರಲ್ಲ.

ಅಷ್ಟರಲ್ಲಿ ಹೊರಗಡೆ ಕಾದುಕೊಂಡಿದ್ದ ಹಡಗುಗಳಲ್ಲಿ ಒಂದು ಮೆಲ್ಲನೆ ಚಲಿಸಿ, ಎರಡು ಚಿಕ್ಕ ಟಗ್ ದೋಣಿಗಳ ಕಾವಲಿನಲ್ಲಿ ಬಂದರಿನ ಬಾಯೊಳಗೆ ಹೊಕ್ಕಿತು. ಅದರ ಒಡಲು ಅಲೆತಡೆಯ ಹಿಂದೆ ಮರೆಯಾಗಿ, ಮೇಲಿನ ಉಪ್ಪರಿಗೆಯೂ ಹೊಗೆಕೊಳವೆಯೂ ಮಾತ್ರ ಮರಗಳ ಮೇಲಿನಿಂದ ಕಾಣುತ್ತಾ ಒಳಕ್ಕೆ ಸರಿಯತೊಡಗಿದವು. ನೋಡುವವರಿಗೆ ಹಡಗು ನೀರಿನ ಮೇಲಲ್ಲ, ನೆಲದ ಮೇಲೆಯೇ ನಡೆದುಹೋಗುತ್ತಿರುವಂತೆ ತೋರಿತು. ಗೆಳತಿಯು ಎದ್ದುನಿಂತು, ಮೊಮ್ಮಗಳ ಹೆಗಲ ಮೇಲೆ ಕೈಯಿಟ್ಟು, ಆ ಹೊಗೆಕೊಳವೆಯನ್ನು ತೋರಿಸಿ, "ನೋಡು ಮಗಾ, ಅದು ಈಗ ನಮ್ಮ ಅಂಗಳ ದಾಟುತ್ತಿದೆ" ಎಂದಳು.

ಹುಡುಗಿಗೆ ತಿಳಿಯಲಿಲ್ಲ. "ಅಜ್ಜೀ, ನಿಮ್ಮ ಮನೆ ನೀರಿನಲ್ಲಿತ್ತೆ?" ಎಂದು ಕೇಳಿದಳು.

"ನೀರು ಅಲ್ಲಿರಲಿಲ್ಲ ಮಗಾ. ಅಲ್ಲಿ ಮನೆಯಿತ್ತು, ಬಾವಿಯಿತ್ತು, ಹದಿನಾರು ತೆಂಗಿನಮರಗಳಿದ್ದವು. ನೀರನ್ನು ಆಮೇಲೆ ತಂದರು."

ಬೇರೆ ಊರುಗಳಲ್ಲಿ ತವರು ಹಾಳುಬಿದ್ದರೆ ಗೋಡೆಯಾದರೂ ಉಳಿಯುತ್ತದೆ. ಮಾರಿಹೋದರೆ ಯಾರದೋ ಮನೆಯಾಗಿಯಾದರೂ ನಿಂತಿರುತ್ತದೆ. ಕಾಡು ಬೆಳೆದರೂ ಪಂಚಾಂಗದ ಕಲ್ಲನ್ನು ಹುಡುಕಿ ತೆಗೆಯಬಹುದು. ಇಲ್ಲಿಯಾದರೋ ಮನೆಯೊಡನೆ ಮನೆಯ ಕೆಳಗಣ ನೆಲವೂ ಹೋಗಿ, ಆ ನೆಲವಿದ್ದೆಡೆಯಲ್ಲಿ ಆಳವಾದ ನೀರು ನಿಂತಿದೆ. ಒಳಗೆ ಹೋಗಿ ನೋಡೋಣವೆಂದರೆ ಅದು ಕಾವಲಿರುವ ಸ್ಥಳ, ಕೆಲಸವಿಲ್ಲದವರಿಗೆ ಅಪ್ಪಣೆಯಿಲ್ಲ. ಹಡಗುಗಳ ಭದ್ರತೆಗೆ ಅದು ಅವಶ್ಯವೂ ಹೌದು. ಹೀಗಿರಲಾಗಿ, ತನ್ನ ಮನೆಯಿದ್ದ ದಿಕ್ಕನ್ನು ಒಮ್ಮೆ ಕಣ್ಣಾರೆ ನೋಡಬೇಕೆಂಬ ಮುದುಕಿಗೆ ಉಳಿದಿರುವುದು ಈ ಮರಗಳ ನೆರಳೊಂದೇ.

ಅವಳು ಅಂದು ಹೇಳಿದ ಇನ್ನೊಂದು ವಿಷಯವನ್ನೂ ಬರೆಯಬೇಕು. ಮರಳಿನ ಊರಿನ ಬಾವಿಗೆ ಎರಡು ಮಾರು ಹಗ್ಗ ಸಾಕಾಗುತ್ತಿತ್ತಂತೆ. ಮಳೆಗಾಲದಲ್ಲಂತೂ ಬಗ್ಗಿ ತಂಬಿಗೆಯಿಂದಲೇ ನೀರು ತೆಗೆದುಕೊಳ್ಳಬಹುದಾಗಿತ್ತು. ಹೊಸ ಮನೆಯ ಜಾಗ ಮುರಕಲ್ಲಿನ ಗುಡ್ಡ. ಅಲ್ಲಿ ತೋಡಿದ ಬಾವಿಗೆ ಹನ್ನೊಂದು ಮಾರು ಹಗ್ಗ ಬೇಕಾಯಿತು. ಅವಳ ತಂದೆಯವರು ಹಳೆಯ ಹಿತ್ತಿಲಿನ ತೆಂಗಿನಕಾಯಿಗಳನ್ನೇ ಮೊಳಕೆಗಿಟ್ಟು, ಮುರಕಲ್ಲನ್ನು ಕಡಿದು ಗುಂಡಿಮಾಡಿ, ಪಣಂಬೂರಿನಿಂದ ಎತ್ತಿನ ಗಾಡಿಯಲ್ಲಿ ಮರಳು ತಂದು ತುಂಬಿ, ಆರು ಸಸಿಗಳನ್ನು ನೆಟ್ಟರು. ಅವುಗಳಲ್ಲಿ ನಾಲ್ಕು ಬದುಕಿದವು. ತಾಯಿಯವರು ಮಾತ್ರ ಆ ಹಳೆಯ ಎರಡು ಮಾರಿನ ಹಗ್ಗವನ್ನು ಬಿಸಾಡದೆ, ಅಡುಗೆಮನೆಯ ಅಟ್ಟದ ಮೇಲೆ ಸುತ್ತಿಟ್ಟಿದ್ದರು. ಯಾಕೆಂದು ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ. "ಹಗ್ಗ ಉದ್ದವಾದ ಹಾಗೆ ಅಮ್ಮನ ಮಾತು ಗಿಡ್ಡವಾಯಿತು" ಎಂದು ಹೇಳಿ ಗೆಳತಿಯು ಸ್ವಲ್ಪ ಹೊತ್ತು ಕಡಲನ್ನೇ ನೋಡುತ್ತಿದ್ದಳು.

ಹಾಗೆಂದು ಅವಳು ಯಾರನ್ನೂ ದೂರಲಿಲ್ಲ. ಅವಳ ಅಣ್ಣನು ಮುಂದೆ ಹಡಗಿನ ಸರಕಿಳಿಸುವ ಕೆಲಸದಲ್ಲೇ ಮೂವತ್ತು ವರ್ಷ ದುಡಿದು, ಆ ಸಂಬಳದಿಂದಲೇ ಇಬ್ಬರು ತಂಗಿಯರ ಮದುವೆ ಮಾಡಿಸಿ, ಮೂವರು ಮಕ್ಕಳನ್ನು ಓದಿಸಿದನು. "ಮನೆಯನ್ನು ತೆಗೆದುಕೊಂಡ ನೀರೇ ನಮಗೆ ಅನ್ನ ಕೊಟ್ಟಿತು. ಅಳುವುದಕ್ಕೆಂದು ಬಂದವಳಲ್ಲ ನಾನು. ಮನೆ ಎಲ್ಲಿತ್ತೆಂದು ಇವಳಿಗೆ ತೋರಿಸಬೇಕಾಗಿತ್ತು. ನಾನು ಹೋದಮೇಲೆ ತೋರಿಸುವವರು ಯಾರಿದ್ದಾರೆ?" ಎಂದಳು. ಈ ಮಾತಿಗೆ ನಾವು ಪ್ರತ್ಯುತ್ತರ ಕೊಡಲಿಲ್ಲ. ಒಬ್ಬಳು ಬುತ್ತಿಯ ಗಂಟು ಬಿಚ್ಚಿದಳು. ಇನ್ನೊಬ್ಬಳು ಚಹದ ಕುಪ್ಪಿಯ ಮುಚ್ಚಳ ತೆಗೆದಳು. ಹಳೆಯ ಗೆಳತಿಯರ ನಡುವೆ ಎಷ್ಟೋ ಸಲ ಇದೇ ಉತ್ತರವಾಗುತ್ತದೆ.

ಈ ತೀರದಲ್ಲಿ ಬಂದುಹೋದವುಗಳನ್ನು ಎಣಿಸುತ್ತಾ ಕುಳಿತರೆ ಮನಸ್ಸಿಗೆ ಒಂದು ವಿವೇಕ ಹುಟ್ಟುತ್ತದೆ. ಕುದುರೆಮುಖದ ಕಬ್ಬಿಣದ ಅದಿರು ನೀರಿನೊಡನೆ ಕಲಸಿದ ಬೂದಿಯಂತೆ ೬೭ ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಘಟ್ಟವಿಳಿದು ಈ ಬಂದರಿಗೆ ಬರುತ್ತಿತ್ತು. ಅದು ಎಂದೆಂದಿಗೂ ಬರುವುದೆಂದೇ ಎಲ್ಲರೂ ಭಾವಿಸಿದ್ದರು. ಆದರೆ ಸರ್ವೋಚ್ಚ ನ್ಯಾಯಾಲಯದ ತೀರ್ಪಿನಂತೆ ೨೦೦೫ನೆಯ ಇಸವಿಯ ಕೊನೆಗೆ ಅಲ್ಲಿಯ ಗಣಿ ನಿಂತಿತು. ೨೦೦೧ರಲ್ಲಿ ಇದೇ ತಣ್ಣೀರುಬಾವಿಯ ಹೊಳೆಯಲ್ಲಿ, ತೇಲುವ ದೋಣಿಕಟ್ಟೆಗಳ ಮೇಲೆ ೨೨೦ ಮೆಗಾವಾಟಿನ ವಿದ್ಯುದಾಗಾರವೊಂದು ಬಂದು ನಿಂತಿತು. ಇಷ್ಟು ದೊಡ್ಡ ಯಂತ್ರ ಇಲ್ಲಿಂದ ಕದಲೀತೇ ಎಂದು ನಾವು ಬೆರಗಾಗಿದ್ದೆವು. ೨೦೧೦ರಲ್ಲಿ ಅದು ಕದಲಿ ಪೂರ್ವ ತೀರದ ಕಾಕಿನಾಡಕ್ಕೆ ಹೋಯಿತು. ಸುಲ್ತಾನನ ತೋಪುಗಳು ಹೋದವು, ಮಂಜಿಗಳು ವಿರಳವಾದವು. ಮನುಷ್ಯನು ಅಗತ್ಯವೆಂದು ಕಟ್ಟುವುದೆಲ್ಲ ಒಂದು ಕಾಲಕ್ಕೆ ಅಗತ್ಯವೇ. ಆದರೆ ಆ ಕಾಲಕ್ಕೆ ಒಂದು ಕೊನೆಯೂ ಇದೆ. ಕೊನೆಗಾಣದಿರುವುದು ಈ ಮರಳು, ಮತ್ತು ಮರಳಿನಡಿಯಲ್ಲಿ ತೇಲುವ ಆ ತಣ್ಣೀರು. ಅದೂ ನಾವು ಕೆಡಿಸದಿದ್ದರೆ ಮಾತ್ರ.

ಇದಕ್ಕೆ ಸಾಕ್ಷಿಯಾಗಿ ಈಚಿನ ಒಂದು ಸಂಗತಿಯಿದೆ. ೨೦೨೪ರ ಮೊದಲ ತಿಂಗಳುಗಳಲ್ಲಿ, ತಣ್ಣೀರುಬಾವಿಯೂ ಸೇರಿದಂತೆ ಮಂಗಳೂರಿನ ಆಸುಪಾಸಿನ ತೀರಗಳಲ್ಲಿ ಆಲಿವ್ ರಿಡ್ಲೆ ಎಂಬ ಜಾತಿಯ ಕಡಲಾಮೆಗಳು ಮರಳನ್ನು ತೋಡಿ ಮೊಟ್ಟೆಯಿಟ್ಟದ್ದು ಕಂಡುಬಂತು. ಅರಣ್ಯ ಇಲಾಖೆಯವರು ಆ ಗೂಡುಗಳಿಗೆ ಬೇಲಿ ಕಟ್ಟಿ, ನಾಯಿನರಿಗಳಿಂದ ಕಾಪಾಡಿ, ಮರಿಗಳನ್ನು ಕಡಲಿಗೆ ಸೇರಿಸಿದರು. ಈ ಆಮೆಯ ಸ್ವಭಾವವು ಬಹಳ ವಿಚಿತ್ರ. ಮರಿಯು ಮರಳಿನಿಂದೆದ್ದು ಅಲೆಯೊಳಗೆ ಹೊಕ್ಕು, ವರ್ಷಗಳ ತನಕ ಯಾವ ಯಾವ ಕಡಲುಗಳಲ್ಲೋ ಅಲೆದು, ಬೆಳೆದಮೇಲೆ ಹೆಣ್ಣಾಮೆಯು ತಾನು ಹುಟ್ಟಿದ ತೀರದ ಕಡೆಗೇ ಮೊಟ್ಟೆಯಿಡಲು ಹಿಂದಿರುಗುತ್ತದೆ. ಹೆರಿಗೆಗೆ ತವರಿಗೆ ಬರುವ ಪದ್ಧತಿಯನ್ನು ಯಾರು ಯಾರಿಂದ ಕಲಿತರೋ ತಿಳಿಯದು. ಕ್ರೇನುಗಳ ಬೆಳಕು, ಹಡಗುಗಳ ಕೂಗು, ಇವುಗಳ ಮಗ್ಗುಲಲ್ಲಿಯೇ ಅವು ತಮ್ಮ ತವರನ್ನು ಗುರುತಿಸಿದವು. ಯಾಕಂದರೆ ಇಲ್ಲಿ ಕಾಲಿಡುವುದಕ್ಕೆ ಒಂದು ತುಂಡು ಮರಳು ಇನ್ನೂ ಉಳಿದಿತ್ತು. ಉಳಿದಿರದಿದ್ದರೆ ಅವು ಎಲ್ಲಿಗೆ ಬರುತ್ತಿದ್ದವು? ನಮ್ಮ ಗೆಳತಿಯು ಈ ಕಥೆಯನ್ನು ಕೇಳಿ ನಕ್ಕಳು. ಆ ನಗುವಿನ ಅರ್ಥವನ್ನು ವಿವರಿಸುವುದು ಬೇಡ.

ನಾವು ಅಲ್ಲಿದ್ದಷ್ಟು ಹೊತ್ತೂ ಬೇರೆ ಜನರು ಬರುತ್ತಾ ಹೋಗುತ್ತಾ ಇದ್ದರು. ಸರಕಿಗಾಗಿ ಕಾದು ಬೇಸತ್ತ ಲಾರಿಯವನೊಬ್ಬನು ಹೆಗಲ ಬಟ್ಟೆಯನ್ನು ಹಾಸಿಕೊಂಡು ಮರದಡಿಯಲ್ಲಿ ಗಾಢನಿದ್ರೆಯಲ್ಲಿದ್ದನು. ಅವನ ಭಾಷೆ ಯಾವುದೋ, ಊರು ಎಷ್ಟು ದೂರವೋ. ಕಾರ್ಖಾನೆಯ ನೀಲಿ ಅಂಗಿ ತೊಟ್ಟ ಯುವಕನೊಬ್ಬನು ಹೆಂಡತಿಗೂ ಎಳೆಮಗುವಿಗೂ ಹಡಗನ್ನು ತೋರಿಸುತ್ತಿದ್ದನು. ಮೀನುಗಾರರ ಹೆಂಗಸರಿಬ್ಬರು ಖಾಲಿ ಬುಟ್ಟಿಗಳನ್ನು ಬೋರಲಿಟ್ಟು, ಅವುಗಳ ಮೇಲೆ ಕುಳಿತು ಎಲೆಯಡಿಕೆ ಹಾಕುತ್ತಿದ್ದರು. ಇವರಲ್ಲಿ ಯಾರೂ ಪ್ರೇಕ್ಷಣೀಯ ಸ್ಥಳವನ್ನು ನೋಡಲು ಬಂದವರಲ್ಲ. ದುಡಿಮೆಯ ನಡುವೆ ಅರ್ಧ ಗಂಟೆಯ ನೆರಳನ್ನು ಹುಡುಕಿ ಬಂದವರು. ಬಂದರಿನ ಭಾರವನ್ನು ಹೊರುವವರಿಗೇ ಬಂದರಿನ ಮಗ್ಗುಲಲ್ಲಿ ಕೂರಲು ಜಾಗವಿರುವುದು ನ್ಯಾಯವೆಂದು ನಮಗೆ ಕಂಡಿತು.

ಸಾಯಂಕಾಲ ಪಣಂಬೂರಿನ ದಾರಿಯಲ್ಲಿ ಹಿಂದಿರುಗುವಾಗ ರಸಗೊಬ್ಬರದ ಕಾರ್ಖಾನೆಯನ್ನೂ, ಬಂದರಿನ ಉದ್ದವಾದ ಆವರಣದ ಗೋಡೆಯನ್ನೂ, ಸಾಲುಗಟ್ಟಿ ನಿಂತ ಲಾರಿಗಳನ್ನೂ ದಾಟಿ ಬಂದೆವು. ಗೋಡೆಯ ಪಕ್ಕದಲ್ಲಿ ಹೋಗುವಷ್ಟು ಹೊತ್ತೂ ಹುಡುಗಿಯು ಕಿಟಕಿಯ ಹೊರಗೆ ನೋಡುತ್ತಾ, "ಅಜ್ಜೀ, ಈಗ ಬಾವಿಯ ಹತ್ತಿರ ಬಂದೆವೇ? ಈಗ ತೆಂಗಿನಮರಗಳ ಹತ್ತಿರವೇ?" ಎಂದು ಕೇಳುತ್ತಿದ್ದಳು. ಗೋಡೆಯಾಚೆಗೆ ಅವಳಿಗೆ ಹಡಗು ಕಾಣದೆ ಮನೆ ಕಾಣತೊಡಗಿದ್ದುದನ್ನು ನೋಡಿ ನಮಗೆ ಆಶ್ಚರ್ಯವಾಯಿತು. ಒಂದು ಮಧ್ಯಾಹ್ನದಲ್ಲಿ ಇಷ್ಟಾದರೆ ಸಾಕಲ್ಲವೆ?

ನಮ್ಮ ತೌಳವ ಮನೆಗಳಿಗೆ ಹೆಬ್ಬಾಗಿಲಿನಷ್ಟೇ ಮುಖ್ಯವಾದುದು ಜಗಲಿ. ಬಾಗಿಲು ವ್ಯವಹಾರಕ್ಕೆ, ಅಕ್ಕಿಮುಡಿ ಒಳಗೆ ಬರುವುದೂ ಅಡಿಕೆಮೂಟೆ ಹೊರಗೆ ಹೋಗುವುದೂ ಅದರಿಂದ. ಜಗಲಿ ಮನುಷ್ಯರಿಗೆ. ದಾರಿಹೋಕನು ಬಂದು ಕುಳಿತು ಬೆಲ್ಲನೀರು ಕುಡಿಯುವುದೂ, ಮುದುಕರು ಹಳೆಯ ಕಥೆ ಹೇಳುವುದೂ, ಮದುವೆಯಾಗಿ ಹೋದ ಮಗಳು ಬರುವ ದಿವಸ ತಾಯಿಯು ದಾರಿ ನೋಡುತ್ತಾ ನಿಲ್ಲುವುದೂ ಅಲ್ಲಿ. ಬಾಗಿಲಿದ್ದು ಜಗಲಿಯಿಲ್ಲದ ಮನೆಯನ್ನು ನಮ್ಮವರು ಉಗ್ರಾಣವೆನ್ನುವರೇ ಹೊರತು ಮನೆಯೆನ್ನಲಾರರು. ಬಂದರು ಒಂದು ಊರಿನ ಹೆಬ್ಬಾಗಿಲು. ಅದನ್ನು ಅಗಲಮಾಡುತ್ತಾ ಹೋಗುವ ನಾವು, ಅದರ ಪಕ್ಕದ ಈ ಜಗಲಿಯನ್ನೂ ಹಾಗೆಯೇ ಕಾಪಾಡಿಕೊಳ್ಳಬೇಕಾಗಿದೆ. ನೆಲದ ಬೆಲೆ ಏರುತ್ತಿರುವ ಈ ಕಾಲದಲ್ಲಿ, ಯಾರೂ ಹೆಚ್ಚಾಗಿ ಹೋಗದ ಜಾಗವನ್ನು ಯಾರಿಗೂ ಬೇಡದ ಜಾಗವೆಂದು ಎಣಿಸುವುದು ಬಲು ಸುಲಭ. ಹಾಗೆ ಎಣಿಸಿದ ದಿವಸ ಮರಗಳು ಹೋದಾವು, ಆಮೇಲೆ ಮರಳು, ಆಮೇಲೆ ಹೆಸರು.

ಆದಕಾರಣ ಈ ಸಂಚಿಕೆಯನ್ನು ಓದುವ ತಾಯಿತಂದೆಗಳಲ್ಲಿ ನಮ್ಮದೊಂದು ಬಿನ್ನಹ. ಮಕ್ಕಳನ್ನು ಒಮ್ಮೆ ತಣ್ಣೀರುಬಾವಿಗೆ ಕರೆದುಕೊಂಡು ಹೋಗಿರಿ. ತಿಂಡಿಯ ಕಾಗದಗಳನ್ನು ಹಿಂದಕ್ಕೆ ತನ್ನಿರಿ. ಅಲೆಯೆದ್ದಿರುವ ಮಳೆಗಾಲದಲ್ಲಿ ಕಡಲಿಗೆ ಇಳಿಯಬೇಡಿರಿ. ಹಡಗುಗಳ ಹೆಸರುಗಳನ್ನೂ ಕ್ರೇನುಗಳ ಲೆಕ್ಕವನ್ನೂ ಮಕ್ಕಳು ತಾವೇ ಕೇಳಿ ತಿಳಿದುಕೊಳ್ಳುವರು. ಅವರು ಕೇಳದಿರುವುದನ್ನು ನೀವು ಹೇಳಿರಿ. ಆ ನೀರಿರುವಲ್ಲಿ ಊರಿತ್ತೆಂದೂ, ಆ ಊರಿನವರು ಗುಡ್ಡವೇರಿ ಹೊಸದಾಗಿ ಬಾವಿ ತೋಡಿಕೊಂಡರೆಂದೂ, ನಮ್ಮ ಮನೆಗಳ ದೀಪದ ಬೆಳಕಿನಲ್ಲಿ ಅವರ ಪಾಲೂ ಇದೆಯೆಂದೂ ಹೇಳಿರಿ. ಹಳೆಯ ವಿದ್ಯಾರ್ಥಿನಿಯರಾದ ಸೋದರಿಯರಲ್ಲಿಯೂ ಅದೇ ಬಿನ್ನಹ: ನಿಮ್ಮ ತರಗತಿಯಲ್ಲಿ ಪುಸ್ತಕದೊಳಗೆ ಮರಳು ತರುತ್ತಿದ್ದ ಹುಡುಗಿಯೊಬ್ಬಳು ಇದ್ದಿದ್ದರೆ, ಅವಳು ಈಗ ಎಲ್ಲಿದ್ದರೂ ಹುಡುಕಿ ಜೊತೆಗೆ ಕರೆದುಕೊಂಡು ಹೋಗಿರಿ. ದಿಕ್ಕು ತೋರಿಸಬಲ್ಲ ಕೈಗಳು ವರ್ಷದಿಂದ ವರ್ಷಕ್ಕೆ ಕಡಮೆಯಾಗುತ್ತಿವೆ.